ಲಡಾಖ್ ಲೇಖನದ ಬಗ್ಗೆ: ಆ ಅಜ್ಜಿಯಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ 'ಲಡಾಖಿನ ಬದುಕು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಕೈಬಿಡೋಕೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ನಾಲ್ಕು ಪುಟ ಬರೀ ಹಿಮ, ನೀಲಿ ಆಕಾಶ, ಗೊಂಪಾ (ಬೌದ್ಧ ಮಠ), ಮತ್ತೆ ಹಿಮ. 'ಕಾಲವೇ ನಿಂತುಹೋದ ನಾಡು' ಅಂತ ಮೂರು ಕಡೆ ಬರೆದಿದ್ದೀರಿ. ಮೂರನ್ನೂ ತೆಗೆಯಿರಿ, ಅದು ನಿಜವಲ್ಲ. ಮಧ್ಯ ಏಷ್ಯಾದ ಯಾರ್ಕಂದ್ ಪಟ್ಟಣ, ಕಾಶ್ಮೀರ, ಟಿಬೆಟ್ ಕಡೆಯ ವ್ಯಾಪಾರಿಗಳು ನೂರಾರು ವರ್ಷ ಲೇಹ್ ಪೇಟೆಗೆ ಬಂದುಹೋಗಿದ್ದಾರೆ. ಪಶ್ಮೀನಾ ಉಣ್ಣೆಯ ದಾರಿಯ ಮೇಲೆ ಎಲ್ಲರ ಕಣ್ಣಿತ್ತು. 1834ರಲ್ಲಿ ಜಮ್ಮುವಿನ ಡೋಗ್ರಾ ಸೇನಾಪತಿ ಜೋರಾವರ್ ಸಿಂಗ್ ದಂಡೆತ್ತಿ ಬಂದ. 1974ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆಯಿತು ಅನ್ನೋದು ಸರಿ. ಹಾಗಂತ ಅಲ್ಲಿಯವರೆಗೆ ಲಡಾಖಿನ ಜನರೆಲ್ಲ ಸುಮ್ನೆ ಕೂತಿರಲಿಲ್ಲ ಅಲ್ವಾ? ಕಾರ್ಗಿಲ್ ಕಡೆಯ ಮುಸ್ಲಿಮರು ನಿಮ್ಮ ಲೇಖನದಲ್ಲಿ ಒಮ್ಮೆಯೂ ಬರುವುದಿಲ್ಲ. ಇದು ಸಣ್ಣ ತಪ್ಪಲ್ಲ.

ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುತ್ತಿದ್ದ ಪದ್ಧತಿಯನ್ನು 'ವಿಚಿತ್ರ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಪದ ನನಗೆ ನೋವು ತಂದಿತು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಹಿಮ ಕರಗಿದ ನೀರು ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗಷ್ಟೇ ಹೊಲ. ಅದನ್ನು ಮಕ್ಕಳಿಗೆ ಪಾಲು ಮಾಡುತ್ತಾ ಹೋದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ. ಅದಕ್ಕೇ ಮನೆ ಒಡೆಯದ ಹಾಗೆ ನೋಡಿಕೊಂಡರು. 1941ರ ಕಾನೂನು ಈ ಪದ್ಧತಿಯನ್ನು ನಿಷೇಧಿಸಿತು. ಇಷ್ಟು ಹೇಳಿದರೆ 'ವಿಚಿತ್ರ' ಅನ್ನೋ ಪದವೇ ಬೇಕಾಗುವುದಿಲ್ಲ.

ಇನ್ನು ಏಳನೇ ಪುಟ. ನೀವು ಉಳಿದುಕೊಂಡಿದ್ದ ಮನೆಯ ಅಜ್ಜಿ ಸಂಜೆ ಬಾರ್ಲಿ ಹೊಲಕ್ಕೆ ನೀರು ಕಟ್ಟುತ್ತಾರೆ. ಸಲಿಕೆಯಲ್ಲಿ ಹುಲ್ಲುಹೆಂಟೆ ಕಿತ್ತು, ಕಾಲುವೆಯ ಬಾಯಿಗೆ ಒತ್ತಿ, ಮೇಲೆ ಕಾಲಿಟ್ಟು ತುಳಿಯುತ್ತಾರೆ. 'ನಮ್ಮ ಸರದಿ ಮುಗೀತು' ಅಂತ ಮನೆಗೆ ನಡೆಯುತ್ತಾರೆ. ಅವರ ಹೊಲದ ಒಂದು ಮೂಲೆ ಇನ್ನೂ ಒಣಗೇ ಇತ್ತು ಅಂತ ನೀವೇ ಬರೆದಿದ್ದೀರಿ. ಓದುತ್ತಾ ಅಲ್ಲೇ ನಿಂತುಬಿಟ್ಟೆ. ಇಡೀ ಲಡಾಖ್ ಆ ಒಣ ಮೂಲೆಯಲ್ಲಿದೆ. ನೀವು ಮಾತ್ರ ಮುಂದಿನ ಸಾಲಿನಲ್ಲೇ ಸೂರ್ಯಾಸ್ತ ನೋಡೋಕೆ ಹೋಗಿಬಿಟ್ಟಿರಿ!

ಯಾರ ಹೊಲಕ್ಕೆ ಯಾವಾಗ ನೀರು ಅಂತ ನೋಡಿಕೊಳ್ಳುವವರಿಗೆ ಅಲ್ಲಿ 'ಚುರ್ಪೋನ್' ಅನ್ನುತ್ತಾರೆ. ನೀರು ಕೂಡಿಡುವ ಕೊಳ 'ಝಿಂಗ್'. ಒಂದೇ ಮನೆದೇವರನ್ನು ನಂಬುವ ನಾಲ್ಕಾರು ಮನೆಗಳ ಬಳಗ 'ಫಸ್ಪುನ್'. ಸಾವಾದ ಮನೆಯ ಕೆಲಸವೆಲ್ಲ ಈ ಬಳಗದ್ದೇ. ಈ ಮಾತುಗಳು ನಿಮ್ಮ ಕಿವಿಗೂ ಬಿದ್ದಿರಲೇಬೇಕು, ತಿಂಗಳು ಪೂರ್ತಿ ಅಲ್ಲೇ ಇದ್ದಿರಲ್ಲ.

ಅಜ್ಜಿಯ ಕಾಲು ಹುಲ್ಲುಹೆಂಟೆಯ ಮೇಲಿರುವಾಗಲೇ ಲೇಖನ ಶುರುವಾಗಲಿ. ಅವರ ಸರದಿ ಎಷ್ಟು ಹೊತ್ತಿನದು, ಮುಂದಿನ ಸರದಿ ಯಾರ ಮನೆಯದು, ಆ ವರ್ಷ ಚುರ್ಪೋನ್ ಯಾರಿದ್ದರು, ಎಲ್ಲ ಬರೆಯಿರಿ. ಗೊತ್ತಿಲ್ಲದಿದ್ದರೆ ಆ ಮನೆಗೆ ಫೋನ್ ಮಾಡಿ ಕೇಳಿ. ಎರಡು ತಿಂಗಳು ತಗೊಳ್ಳಿ, ನಾನು ಕಾಯುತ್ತೇನೆ.