ಮೊಡವೆ ಗುಳಿಗಳಿಗೆ ಲೇಸರ್: ಮಳೆಗಾಲದಲ್ಲೇ ಮಾಡಿಸಲಾ?

ಪ್ರಶ್ನೆ: ನನಗೆ 26 ವರ್ಷ. ಗೋಣಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟವಿದೆ. ಎರಡೂ ಕೆನ್ನೆಯಲ್ಲಿ ಮೊಡವೆ ಗುಳಿಗಳು, ನಡುನಡುವೆ ಕಪ್ಪು ಕಲೆಗಳು. ಮೊಡವೆಗೆ ಕೊಟ್ಟ ಐಸೊಟ್ರೆಟಿನಾಯಿನ್ ಮಾತ್ರೆ ಮುಗಿಸಿ ಎರಡು ತಿಂಗಳಾಯ್ತು, ಹೊಸ ಮೊಡವೆ ಬಂದಿಲ್ಲ. ಏಪ್ರಿಲ್‌ನಲ್ಲಿ ಮದುವೆ. ಒಂದೇ ಸಲದ ಲೇಸರ್‌ಗೆ ಮುಖ ನುಣುಪಾಗುತ್ತದೆ ಎಂದು ಪಾರ್ಲರ್‌ನಲ್ಲಿ ಹೇಳಿದರು. ಈ ಆಗಸ್ಟ್‌ನಲ್ಲೇ ಮಾಡಿಸಲಾ?

ಉತ್ತರ: ಆಗಸ್ಟ್ ಒಳ್ಳೆಯ ಸಮಯವೇ. ಆದರೆ ಪಾರ್ಲರ್‌ನಲ್ಲಿ ಬೇಡ, ಚರ್ಮದ ಡಾಕ್ಟರ ಹತ್ತಿರ ಹೋಗಿ. ಒಂದೇ ಸಲಕ್ಕೆ ಮುಗಿಯುತ್ತದೆ ಅನ್ನೋದು ಸುಮ್ನೆ ಮಾತು.

ಮೊದಲು ಕಿಟಕಿ ಪಕ್ಕ ಕನ್ನಡಿ ಹಿಡಿದು ಅಡ್ಡ ಬೆಳಕಿನಲ್ಲಿ ನೋಡಿಕೊಳ್ಳಿ. ಬಣ್ಣ ಮಾತ್ರ ಕಪ್ಪಾಗಿ ಚರ್ಮ ಸಮವಾಗಿದ್ದರೆ ಅದು ಕಲೆ. ಅದಕ್ಕೆ ಲೇಸರ್ ಬೇಕಾಗುವುದು ಕಡಿಮೆ, ಸನ್‌ಸ್ಕ್ರೀನ್ ಮತ್ತು ಡಾಕ್ಟರು ಕೊಡುವ ಕ್ರೀಮಿಗೆ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಇನ್ನು ಗುಳಿ. ಕೆನ್ನೆಯನ್ನು ಎರಡು ಬೆರಳಿನಿಂದ ಎಳೆದಾಗ ಗುಳಿ ಕಾಣದಾದರೆ ಅದು ಅಗಲದ, ಅಲೆಯಂಥ ಗುಳಿ. ಅದನ್ನು ಒಳಗಿನಿಂದ ಎಳೆದು ಹಿಡಿದ ನಾರುಗಳನ್ನು ಸೂಜಿಯಿಂದ ಬಿಡಿಸುತ್ತೇವೆ, ಇದಕ್ಕೆ ಸಬ್‌ಸಿಷನ್ ಅನ್ನುತ್ತೇವೆ. ಸೂಜಿ ಚುಚ್ಚಿದಂತಿರುವ ಕಿರಿದಾದ, ಆಳದ ಗುಳಿಗೆ ಲೇಸರ್ ಅಷ್ಟಾಗಿ ತಾಗುವುದಿಲ್ಲ. ಅದರೊಳಗೆ ಟಿಸಿಎ ಎಂಬ ಆಮ್ಲವನ್ನು ಚುಕ್ಕಿಯಷ್ಟೇ ಹಾಕುವುದು ಮೇಲು. ಅಂಚು ಸ್ಪಷ್ಟವಾಗಿರುವ, ತುಂಬಾ ಆಳವಿಲ್ಲದ ಗುಳಿಗೆ ಫ್ರ್ಯಾಕ್ಷನಲ್ ಸಿಒ2 ಲೇಸರ್ ಚೆನ್ನಾಗಿ ಒಗ್ಗುತ್ತದೆ. ಹೆಚ್ಚಿನವರ ಮುಖದಲ್ಲಿ ಮೂರೂ ಬೆರೆತಿರುತ್ತವೆ.

ಈ ಲೇಸರ್ ಜರಡಿಯ ಕಣ್ಣುಗಳಂತೆ ಸಣ್ಣ ಸಣ್ಣ ತೂತುಗಳನ್ನಷ್ಟೇ ಮಾಡುತ್ತದೆ. ನಡುವೆ ಉಳಿದ ಒಳ್ಳೆಯ ಚರ್ಮ ಗಾಯವನ್ನು ಬೇಗ ಮಾಯಿಸುತ್ತದೆ, ಒಳಗೆ ಹೊಸ ಕೊಲ್ಯಾಜನ್, ಅಂದರೆ ಚರ್ಮಕ್ಕೆ ಬಲ ಕೊಡುವ ನಾರು, ಹುಟ್ಟುತ್ತದೆ. ಅದಕ್ಕೆ ಮೂರರಿಂದ ಆರು ತಿಂಗಳು ಬೇಕು. ಸಾಮಾನ್ಯವಾಗಿ ಮೂರ್ನಾಲ್ಕು ಸಿಟ್ಟಿಂಗ್, ನಡುವೆ 4ರಿಂದ 6 ವಾರ. ಗುಳಿ ಚೆನ್ನಾಗಿ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಮಾತ್ರೆ ಮುಗಿದ ಮೇಲೆ ಆರು ತಿಂಗಳು ಕಾಯಲೇಬೇಕು ಎಂಬ ಹಳೆಯ ನಿಯಮ ಫ್ರ್ಯಾಕ್ಷನಲ್ ಲೇಸರ್ ಮಟ್ಟಿಗೆ ಈಗ ಸಡಿಲವಾಗಿದೆ. ಆದರೂ ಡಾಕ್ಟರಿಗೆ ಹೇಳಿಬಿಡಿ. ತುಟಿಯ ಮೇಲೆ ಜ್ವರದ ಗುಳ್ಳೆ ಬರುತ್ತಿದ್ದರೆ, ಗಾಯ ಉಬ್ಬಿ ದಪ್ಪ ಗೆರೆಯಾಗುತ್ತಿದ್ದರೆ ಅದನ್ನೂ ಹೇಳಿ.

ನಮ್ಮ ಕಂದು ಚರ್ಮಕ್ಕೆ ದೊಡ್ಡ ತೊಂದರೆ ಎಂದರೆ ಲೇಸರ್ ಆದ ಜಾಗ ಕಪ್ಪಾಗುವುದು. ಬಿಸಿಲು ಬಿದ್ದರೆ ಜಾಸ್ತಿ. ಹಾಗಾಗಿ ಆಗಸ್ಟ್, ಸೆಪ್ಟೆಂಬರ್ ಕೊನೆ, ನವೆಂಬರ್ ಶುರು, ಈ ಮೂರಕ್ಕೆ ನಿಲ್ಲಿಸಿ. ಆಮೇಲೆ ಹಣ್ಣು ಕೊಯ್ಲು, ಕಣದಲ್ಲಿ ಕಾಫಿ ಒಣಗಿಸುವ ಕೆಲಸ ಅಲ್ವಾ? ಆ ಬಿಸಿಲಿನಲ್ಲಿ ಹೊಸ ಚರ್ಮ ನಿಲ್ಲಿಸಬೇಡಿ. ನಾಲ್ಕನೆಯದು ಬೇಕಿದ್ದರೆ ಮದುವೆ ಕಳೆದು ಮುಂದಿನ ಮಳೆಗಾಲಕ್ಕೆ ಇಟ್ಟುಕೊಳ್ಳಿ. ಮೋಡ ಕವಿದಿದ್ದರೂ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಬೇಕು, ಗಾಯ ಮಾಯುವವರೆಗೆ ಅದರ ಬದಲು ಟೋಪಿ.

ಒಂದು ವಾರದಷ್ಟು ಮುಖ ಕೆಂಪಾಗಿ, ಮರಳಿನಂತೆ ಒರಟಾಗಿ, ಸಿಪ್ಪೆ ಏಳುತ್ತದೆ. ಕೀಳಬೇಡಿ. ಅರಿಶಿನ, ನಿಂಬೆರಸ, ಮೆಡಿಕಲ್ ಶಾಪಿನ ಸ್ಟಿರಾಯ್ಡ್ ಕ್ರೀಮು ಯಾವುದೂ ಬೇಡ. ಡಾಕ್ಟರು ಹೇಳಿದ ಮುಲಾಮು ಸಾಕು. ಕೀವು, ನೀರ್ಗುಳ್ಳೆ, ದಿನ ಹೋದಂತೆ ಹೆಚ್ಚುವ ನೋವು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ತೋರಿಸಿ.