ಓದುಗರ ಪ್ರಶ್ನಿ: ಅವ್ವನ್ನ ಕಾಶಿಗಿ ಹೆಂಗ ಕರ್ಕೊಂಡು ಹೋಗ್ಲಿ?

ಪ್ರಶ್ನಿ: ನಮ್ಮ ಅವ್ವಗ 71 ವರ್ಷ. ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತು, ಅವಾಗಿಂದ ಒಂದೇ ಮಾತು, ಸಾಯೋದ್ರೊಳಗ ಒಮ್ಮೆ ಕಾಶಿ ತೋರ್ಸು ಅಂತ. ನಮ್ದು ಲಿಂಗಾಯತ ಮನಿತನ, ನಮ್ಮಣ್ಣ ಅಂತಾನ ನಮಗ್ಯಾಕ ಕಾಶಿ, ನೀರು ಕಂಡಲ್ಲಿ ಮುಳುಗೋರಿಗಿ ಬಸವಣ್ಣನವರು ಏನಂದಾರ ಗೊತ್ತಿಲ್ಲೇನು ಅಂತ. ಟೂರಿನವ್ರು ಕಾಶಿ, ಪ್ರಯಾಗ, ಅಯೋಧ್ಯಾ, ಗಯಾ ಎಲ್ಲಾ ಕೂಡಿ ಐದು ದಿನದಾಗ ಮುಗಿಸ್ತೀವಿ ಅಂತಾರ. ಏನ್ ಮಾಡ್ಲಿ? (ಒಬ್ಬ ಸಹೋದರಿ, ಕಲಬುರಗಿ)

ಉತ್ತರ: ತಂಗೀ, ಕರ್ಕೊಂಡು ಹೋಗ್ರಿ. ಆದ್ರ ಐದು ದಿನದ ಟೂರಿನಾಗ ಬ್ಯಾಡ. ನಾನೂ ನಮ್ಮವ್ವನ್ನ ಹಂಗೇ ಕರ್ಕೊಂಡು ಹೋಗಿದ್ದೆ, ರಾತ್ರಿ ಇಳಿಸಿದ್ರು, ನಸುಕಿನ್ಯಾಗ ಎಬ್ಬಿಸಿದ್ರು, ಲೈನಿನಾಗ ನಿಂತ್ವಿ, ಒಂದು ನಿಮಿಷ ಲಿಂಗ ಕಂಡ್ತು, ಮಧ್ಯಾಹ್ನಕ್ಕ ಮತ್ತ ಬಸ್ಸು. ಮನಿಗಿ ಬಂದ ಮ್ಯಾಲ ಅಕಿ ಅಂದಿದ್ದು ಇಷ್ಟೇ, ಗಂಗವ್ವನ ದಂಡಿ ಮ್ಯಾಲ ಒಂದು ತಾಸು ಕೂಡ್ಲಿಲ್ಲಲ್ಲೋ ಅಂತ. ಆ ಮಾತು ಈಗ್ಲೂ ನನಗ ಚುಚ್ತದ, ಅದಕ್ಕೇ ಹೇಳ್ಲತ್ತೀನಿ, ಕಾಶಿ ಒಂದಕ್ಕೇ ನಾಕು ದಿನ ಇಡ್ರಿ.

ಅಣ್ಣನ ಮಾತು ತೆಗದು ಹಾಕಬ್ಯಾಡ್ರಿ, ಮುಳುಗಿ ಎದ್ದ ಮಾತ್ರಕ್ಕ ಎಲ್ಲಾ ತೊಳದು ಹೋಗ್ತದ ಅನ್ನೋದನ್ನ ಶರಣರು ಒಪ್ಪಲಿಲ್ಲ, ಅದು ಖರೇನೇ. ಆದ್ರ ಕಾಶಿ ನಮ್ದಲ್ಲ ಅನ್ನೋದು ಮಾತ್ರ ಖರೇ ಅಲ್ಲ. ವಿಶ್ವನಾಥನ ಗುಡಿ ಹತ್ರದ ಗೋದೌಲಿಯಾ ಚೌಕದಿಂದ ನಡಕೊಂಡು ಹೋಗೋ ಅಷ್ಟು ದೂರದಾಗ ಜಂಗಮವಾಡಿ ಮಠ ಅದ, ವೀರಶೈವ ಪಂಚಪೀಠದಾಗ ಬಾಳೆಹೊನ್ನೂರು, ಉಜ್ಜಯಿನಿ, ಕೇದಾರ, ಶ್ರೀಶೈಲದ ಜೋಡಿ ಕಾಶಿದೂ ಒಂದು, ಅದೇ ಇದು. ಆ ಓಣಿ ಹೆಸರೇ ಜಂಗಮವಾಡಿ ಅಂತ ಬಿದ್ದದ. ಮೊಘಲ್ ಬಾದಶಾಹರು ಕೊಟ್ಟ ಫರ್ಮಾನುಗಳು, ಅಂದ್ರ ಅವರ ಆಜ್ಞಾ ಪತ್ರಗಳು ಸುದ್ದಾ ಆ ಮಠದ ಹಂತೇಲಿ ಅವ. ಒಳಗ ಕಾಲಿಟ್ರ ಕನ್ನಡ ಮಾತು ಕಿವಿಗಿ ಬೀಳ್ತದ, ನಮ್ ಕಡಿ ಮಂದಿ, ಮಹಾರಾಷ್ಟ್ರದ ಮಂದಿ ಅಲ್ಲೇ ಇಳಕೊಳ್ತಾರ. ಮತ್ತ ಇದನ್ನ ಅವ್ವಗ ಮೊದ್ಲೇ ಹೇಳ್ರಿ: ಅಲ್ಲಿ ತೀರಿಕೊಂಡೋರ ನೆನಪಿಗಿ ಲಿಂಗ ಇಡಸೋ ಪದ್ಧತಿ ಅದ. ತಲೆಮಾರುಗಳಿಂದ ಹಂಗ ಇಟ್ಟ ಲಿಂಗಗಳು ಸಾಲಿಗಿ ಸಾಲು, ಗ್ವಾಡಿ ಬುಡಕ, ಅಂಗಳದಾಗ, ಎಲ್ಲಿ ನೋಡಿದ್ರಲ್ಲಿ. ಅಪ್ಪನ ಹೆಸರಿಲೆ ಏನರೆ ಮಾಡ್ಬೇಕಂತ ಅವ್ವನ ಮನಸಿನಾಗ ಇದ್ರ, ಬಾಯಿ ಬಿಟ್ಟು ಹೇಳಿರ್ಲಿಕ್ಕಿಲ್ಲ, ಅದಕ್ಕಿಂತ ಚಲೋ ಜಾಗ ಇಲ್ಲ. ಅಣ್ಣನ್ನೂ ಕರ್ಕೊಂಡು ಹೋಗ್ರಿ.

ವಿಶ್ವನಾಥನ ಗುಡಿ ಬಗ್ಗೆ ಎಲ್ಲಾರೂ ಹೇಳ್ತಾರ, ನಾನು ಥೋಡೇ ಹೇಳ್ತೀನಿ. 1669ರಾಗ ಔರಂಗಜೇಬನ ಕಾಲಕ್ಕ ಹಳೀ ಗುಡಿ ಹೋಯ್ತು, ಈಗಿನ ಗುಡಿ ಇಂದೋರಿನ ಅಹಿಲ್ಯಾಬಾಯಿ ಹೋಳ್ಕರ್ 1780ರ ಸುಮಾರಿಗಿ ಕಟ್ಟಿಸಿದ್ದು, ಗಂಡ ಇಲ್ಲದ ಹೆಣ್ಮಗಳು, ರಾಜ್ಯನೂ ಆಳಿ ದೇಶದ ತುಂಬ ಗುಡಿ, ಘಾಟು ಕಟ್ಟಿಸಿದಾಕಿ, ಅಕಿ ಕಥಿ ಅವ್ವಗ ಅಲ್ಲೇ ನಿಂತು ಹೇಳ್ರಿ. ಮ್ಯಾಲಿನ ಬಂಗಾರ ಪಂಜಾಬಿನ ರಣಜಿತ್ ಸಿಂಗ್ ಕೊಟ್ಟಿದ್ದು. 2021ರ ಡಿಸೆಂಬರ್ 13ಕ್ಕ ಹೊಸ ಕಾರಿಡಾರ್ ಸುರು ಆದ ಮ್ಯಾಲ ಗಂಗಾ ದಂಡಿಯಿಂದ ಸೀದಾ ಗುಡಿಗಿ ಬರಬಹುದು. ಮೊಬೈಲ್ ಒಳಗ ಬಿಡಂಗಿಲ್ಲ, ರೂಮಿನಾಗೇ ಇಟ್ಟು ಬರ್ರಿ. ಬಾಜೂಕ ಅನ್ನಪೂರ್ಣಿ ಅದಾಳ, ಮತ್ತ ಕಾಶಿ ಕೋತ್ವಾಲ, ಅಂದ್ರ ಊರು ಕಾಯೋ ಕಾಲಭೈರವ, ಅವನ ಗುಡಿಯಿಂದೇ ಕರೀ ದಾರ ತರ್ತಾರ.

ನನಗ ಕೇಳಿದ್ರ ಹರಿಶ್ಚಂದ್ರ ಘಾಟ್ ಬಿಡಬ್ಯಾಡ್ರಿ. ನಮ್ಮ ಹಳ್ಳಿಗಳಾಗ ಬಯಲಾಟದಾಗ ಹರಿಶ್ಚಂದ್ರ ಸುಡುಗಾಡು ಕಾಯೋದು, ಮಗನ್ನ ಎತ್ಕೊಂಡು ಚಂದ್ರಮತಿ ಬರೋದು ನೋಡಿ ಅತ್ತೋರೇ ನಮ್ಮ ಅವ್ವಂದಿರೆಲ್ಲ, ರಾಘವಾಂಕ ಕವಿ ಕನ್ನಡದಾಗ ಹಾಡಿದ ಕಥಿ, ಆ ಸುಡುಗಾಡು ಇದೇ ಅಂತ ತೋರ್ಸಿದ್ರ ಅಕಿಗಿ ಬ್ಯಾರೆ ಗೈಡ್ ಬೇಕಾಗಂಗಿಲ್ಲ. ಅಲ್ಲೂ, ಇನ್ನೊಂದು ಸುಡುಗಾಡು ಮಣಿಕರ್ಣಿಕಾ ಘಾಟಿನಾಗೂ ಹೆಣ ಸುಡೋದರ ಫೋಟೋ ಮಾತ್ರ ತೆಗೀಬ್ಯಾಡ್ರಿ, ಅದು ಯಾರದೋ ಮನಿ ದುಃಖ.

ಮಳಿಗಾಲದಾಗ ಹೋಗಬ್ಯಾಡ್ರಿ, ಗಂಗಾ ಏರಿದ್ರ ಘಾಟಿನ ಮೆಟ್ಲೆಲ್ಲಾ ಮುಳುಗ್ತಾವ, ಬೋಟ್ ಬಂದ್ ಮಾಡ್ತಾರ. ಡಿಸೆಂಬರ್ ಕಡಿ, ಜನವರಿದಾಗ ಮಂಜು ಬಿದ್ದು ರೈಲು ಲೇಟು. ನವೆಂಬರ್ ಇಲ್ಲಾ ಫೆಬ್ರವರಿ ಚಲೋ.

ಪ್ರಶ್ನಿ: ಕಾಶಿಗಿ ಹೋದೋರು ಸಾರನಾಥ್ ನೋಡ್ಲೇಬೇಕಾ? ಅದು ಬೌದ್ಧರದಲ್ಲ? (ಕಾಲೇಜು ವಿದ್ಯಾರ್ಥಿ, ಯಾದಗಿರಿ)

ಉತ್ತರ: ಕಾಶಿಯಿಂದ 10 ಕಿಲೋಮೀಟರ್ ಅಷ್ಟೇ, ನೀವಂತೂ ನೋಡ್ಲೇಬೇಕು ತಮ್ಮಾ. ಬುದ್ಧ ಮೊದ್ಲ ಉಪದೇಶ ಕೊಟ್ಟಿದ್ದು ಅಲ್ಲಿ, ನಮ್ಮ ರೂಪಾಯಿ ಮ್ಯಾಲಿನ ನಾಕು ಸಿಂಹದ ಮೂಲ ಅಶೋಕನ ಕಂಬ ಅಲ್ಲಿದ್ದು. ಈಗ ನಿಮ್ಮ ಮಗ್ಗಲಿಗೇ ಬರ್ರಿ. ಭೀಮಾ ದಂಡಿಯ ಸನ್ನತಿದಾಗ 1986ರಾಗ ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿ ಛತ್ತು ಬಿತ್ತು, ಆವಾಗ ದೇವಿ ಮೂರ್ತಿ ಕೆಳಗಿನ ಪೀಠದ ಕಲ್ಲು ನೋಡಿದ್ರ ಅದು ಅಶೋಕನ ಶಾಸನ! ಆಮ್ಯಾಲ ಬಾಜೂಕಿನ ಕನಗನಹಳ್ಳಿದಾಗ ಅಗದಾಗ ಸ್ತೂಪ ಸಿಕ್ತು, ಅದರಾಗ ಅಶೋಕನ ಚಿತ್ರ ಕೊರೆದ ಕಲ್ಲು, ಮ್ಯಾಲ ಬ್ರಾಹ್ಮೀದಾಗ "ರಾಯ ಅಸೋಕೋ" ಅಂತ ಹೆಸರು ಸುದ್ದಾ ಬರದದ. ಸಾರನಾಥದಾಗ ಅವನ ಸಿಂಹ ಅವ, ಅವನ ಮಾರಿ ನಮ್ ಕಡಿ ಅದ. ಮೊದ್ಲು ಕನಗನಹಳ್ಳಿ ನೋಡಿ ಆಮ್ಯಾಲ ಕಾಶಿ ರೈಲು ಹತ್ರಿ.

ಪ್ರಶ್ನಿ: ಕಾಶಿದಾಗ ಗಂಗಾ ಉತ್ತರಕ್ಕ ಹರೀತಾಳ ಅಂತಾರಲ್ಲ, ಖರೇನಾ? (ಓದುಗರು, ಬೀದರ್)

ಉತ್ತರ: ಖರೇ. ಅಲ್ಲಿ ನದಿ ತಿರುವು ತಗೊಂಡು ಉತ್ತರಕ್ಕ ಮುಖ ಮಾಡ್ತದ, ಅದಕ್ಕ ಉತ್ತರವಾಹಿನಿ ಅಂತಾರ. ಹಿಂಗಾಗಿ ಎಂಬತ್ತಕ್ಕೂ ಜಾಸ್ತಿ ಘಾಟುಗಳು ಪಡುವಣ ದಂಡಿ ಮ್ಯಾಲೇ ಸಾಲು ಹಿಡದಾವ, ಎಲ್ಲಾ ಮೂಡಣಕ್ಕ ಮುಖ, ಆಚಿ ದಂಡಿ ಬರೇ ಉಸುಕು. ನಸುಕಿನ್ಯಾಗ ಅಸ್ಸಿ ಘಾಟಿನಿಂದ ಬೋಟ್ ಹತ್ತಿ ನೀರಿನ ಜೋಡಿ ಹೋಗ್ರಿ, ಬಲಕ್ಕ ಉಸುಕಿನ ಮ್ಯಾಲ ಹೊತ್ತು ಮೂಡ್ತದ, ಎಡಕ್ಕ ಊರಿಗಿ ಊರೇ ಮೆಟ್ಲು ಇಳಿದು ಜಳಕಕ್ಕ ಬರ್ತಿರ್ತದ.