ಏರ್‌ಟೂರ್ಸ್, ಫಸ್ಟ್ ಚಾಯ್ಸ್ ಒಂದಾಗೋದನ್ನು 1999ರಲ್ಲಿ ಯಾಕೆ ತಡೆದರು?

ನಾಲ್ಕು ದೊಡ್ಡ ಕಂಪನಿಗಳು ಮೂರಾದರೆ ಪ್ಯಾಕೇಜ್ ಪ್ರವಾಸದ ದರ ಏರುತ್ತದೆ ಅನ್ನೋ ಭಯದಿಂದ.

ಬ್ರಿಟನ್ನಿನಲ್ಲಿ ಆಗ ಥಾಮ್ಸನ್, ಏರ್‌ಟೂರ್ಸ್, ಥಾಮಸ್ ಕುಕ್, ಫಸ್ಟ್ ಚಾಯ್ಸ್ ಈ ನಾಲ್ಕೇ ದೊಡ್ಡವು. ಈ ವ್ಯಾಪಾರದಲ್ಲಿ ವಿಮಾನದ ಸೀಟು, ಹೋಟೆಲ್ ರೂಮುಗಳನ್ನು ಒಂದು ವರ್ಷಕ್ಕೂ ಮುಂಚೆಯೇ ಹಿಡಿದಿಡಬೇಕು. ವಿಮಾನ ಹೊರಟ ಮೇಲೆ ಖಾಲಿ ಸೀಟಿಗೆ ಬೆಲೆಯೇ ಇಲ್ಲ, ಅದಕ್ಕೇ ಜಾಸ್ತಿ ಹಿಡಿದವರು ಕೊನೇ ಗಳಿಗೆಯಲ್ಲಿ ಸಿಕ್ಕಷ್ಟಕ್ಕೆ ಮಾರುತ್ತಾರೆ, ಜನರಿಗೆ ಅಗ್ಗದ ಪ್ರವಾಸ ಸಿಗೋದು ಹೀಗೆ. ಮೂರೇ ಕಂಪನಿ ಉಳಿದರೆ? ಯಾರೂ ಕೂತು ಮಾತಾಡಬೇಕಾಗಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡು ಸುಮ್ನೆ ಸ್ವಲ್ಪ ಕಡಿಮೆ ಸೀಟು ಹಿಡಿದರೆ ಸಾಕು, ರಿಯಾಯಿತಿ ಮಾಯ. ಇದನ್ನು ತಡೆದ ಯುರೋಪಿಯನ್ ಕಮಿಷನ್ (ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆ) ಹೂಡಿದ ವಾದ ಇದೇ.

ಆದರೆ 2002ರಲ್ಲಿ ಯುರೋಪಿನ ಕೋರ್ಟು ಆ ತಡೆಯನ್ನು ರದ್ದು ಮಾಡಿತು. ಹೀಗಾಗಬಹುದು ಅಂದರೆ ಸಾಲದು, ಒಬ್ಬ ಈ ಮೌನ ಹೊಂದಾಣಿಕೆ ಮೀರಿದ್ದು ಉಳಿದವರಿಗೆ ಬೇಗ ಗೊತ್ತಾಗುತ್ತೆ, ಅವನಿಗೆ ಪೆಟ್ಟು ಕೊಡೋಕೂ ಆಗುತ್ತೆ, ಹೊರಗಿನ ಸಣ್ಣ ಕಂಪನಿಗಳು ಮತ್ತು ಗ್ರಾಹಕರು ಇದನ್ನು ಕೆಡಿಸಲಾರರು, ಇಷ್ಟನ್ನೂ ಸಾಬೀತು ಮಾಡಿ ಎಂದಿತು. ನನಗಂತೂ ಕೋರ್ಟು ಕೇಳಿದ್ದು ಸರಿ ಅನಿಸುತ್ತದೆ.

ಅಷ್ಟರಲ್ಲಿ ಫಸ್ಟ್ ಚಾಯ್ಸನ್ನು ಕೊಳ್ಳುವ ಏರ್‌ಟೂರ್ಸ್‌ನ ಯತ್ನ ಮುರಿದುಬಿದ್ದಿತ್ತು. 2007ರಲ್ಲಿ ನಾಲ್ಕು ಎರಡೇ ಆದವು: ಮೈಟ್ರಾವೆಲ್ ಎಂದು ಹೆಸರು ಬದಲಿಸಿಕೊಂಡಿದ್ದ ಏರ್‌ಟೂರ್ಸ್ ಥಾಮಸ್ ಕುಕ್ ಜೊತೆ, ಫಸ್ಟ್ ಚಾಯ್ಸ್ ಥಾಮ್ಸನ್‌ನ ಒಡೆಯ ಟಿಯುಐ ಜೊತೆ. ಈ ಸಲ ಕಮಿಷನ್ ಒಪ್ಪಿತು. ಜನ ಇಂಟರ್ನೆಟ್ಟಿನಲ್ಲಿ ತಾವೇ ಅಗ್ಗದ ವಿಮಾನ, ಹೋಟೆಲ್ ಬುಕ್ ಮಾಡತೊಡಗಿದ್ದರಲ್ವಾ!